ಉಸಿರು ಹಿಡಿಬ್ಯಾಡವ್ವಾ, ಬಿಡು

ಕಲಘಟಗಿ ಅಂದ್ರೆ ತೊಟ್ಟಿಲು. ಅರಗಿನ ಬಣ್ಣ ಹಾಕಿ, ಮೈತುಂಬ ಕೃಷ್ಣನ ಕಥೆ, ರಾಮಾಯಣದ ಕಥೆ ಬರೆದ ಮರದ ತೊಟ್ಟಿಲು. 2018ರಲ್ಲಿ ನಟ ಅಂಬರೀಶ್ ತೀರಿಕೊಳ್ಳುವ ಮೊದಲು ಯಶ್–ರಾಧಿಕಾ ಮಗುವಿಗಾಗಿ ತೊಟ್ಟಿಲು ಆರ್ಡರ್ ಮಾಡಿದ್ದು ಇಲ್ಲೇ. ಇದೇ ತಾಲೂಕಿನ ದೇವಿಕೊಪ್ಪ ನನ್ನ ತವರು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯದು. ಹಾಗಾಗಿ ಬೆಂಗಳೂರು, ಪುಣೆಯಲ್ಲಿ ಕೆಲಸ ಮಾಡೋ ಹುಡುಗಿಯರು ಏಳು-ಎಂಟನೇ ತಿಂಗಳಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬರ್ತಾರೆ. ಮೇಲ್ಮಾಳಿಗೆಯಲ್ಲಿ ವರ್ಕ್ ಫ್ರಂ ಹೋಮ್, ಕೆಳಗೆ ಕುಬಸದ ತಯಾರಿ.

ತಯಾರಿ ಏನ್ ಕಡಿಮೆ ಇರಲ್ಲ. ಹಸಿರು ಸೀರೆ, ಹಸಿರು ಬಳೆ, ಫೋಟೋಗ್ರಾಫರ್, ತೊಟ್ಟಿಲಿಗೆ ಅಡ್ವಾನ್ಸ್, ಬಾಣಂತಿ ಉಂಡೆಗೆ ಅಂಟು, ಉತ್ತತ್ತಿ. ಆದರೆ ಹೆರಿಗೆಯ ಆ ಹತ್ತು-ಹನ್ನೆರಡು ಗಂಟೆ ಹೇಗೆ ಕಳೆಯೋದು, ಪಕ್ಕದಲ್ಲಿ ಯಾರಿರ್ತಾರೆ ಅನ್ನೋ ಮಾತು ಮಾತ್ರ ಯಾರ ಬಾಯಲ್ಲೂ ಬರಲ್ಲ. "ಎಲ್ಲಾರೂ ಹಡದಾರ, ನೀನೂ ಹಡೀತಿ" ಅಂದುಬಿಟ್ಟರೆ ಮುಗೀತು. ಹುಡುಗಿ ರಾತ್ರಿ ಒಬ್ಬಳೇ ಫೋನಿನಲ್ಲಿ ಇಂಗ್ಲಿಷ್ ಬ್ರೀದಿಂಗ್ ವಿಡಿಯೋ ನೋಡ್ತಾ ಕೂತಿರ್ತಾಳೆ.

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಆದರೆ ಲೇಬರ್ ರೂಮಿನ ಒಳಗೆ ಎರಡು ಸಲ ಹೋಗಿದ್ದೇನೆ. ಒಂದು ಸಲ ನನ್ನ ಹೆರಿಗೆಗೆ, ಇನ್ನೊಂದು ಸಲ ಚಿಕ್ಕಪ್ಪನ ಮಗಳ ಜೊತೆಗಾತಿಯಾಗಿ. ಎರಡನೇ ಸಲ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಹೆರಿಗೆಯ ಉಸಿರಾಟ ಅನ್ನೋದನ್ನ ಹೆರುವವಳು ಒಬ್ಬಳೇ ಕಲಿತರೆ ಅರ್ಧ ಕಲಿತ ಹಾಗೆ. ಪಕ್ಕದಲ್ಲಿ ನಿಲ್ಲುವವರೂ ಕಲಿಯಬೇಕು. ಈ ಲೇಖನ ಇಬ್ಬರಿಗೂ.

ನೋವು ಅಲೆ ಅಲೆಯಾಗಿ ಬರುತ್ತೆ

ಮೊದಲು ತಿಳಿಯಬೇಕಾದ ವಿಷಯ, ಹೆರಿಗೆ ನೋವು ಹಲ್ಲುನೋವಿನ ಹಾಗೆ ಒಂದೇ ಸಮ ಇರೋದಲ್ಲ. ಗರ್ಭಕೋಶ ಒಂದು ಸ್ನಾಯು. ಅದು ಬಿಗಿಯುತ್ತೆ, ಸಡಿಲವಾಗುತ್ತೆ, ಮತ್ತೆ ಬಿಗಿಯುತ್ತೆ. ಶುರುವಿನಲ್ಲಿ ಅರ್ಧ ನಿಮಿಷ, ಮುಂದೆ ಒಂದು, ಒಂದೂವರೆ ನಿಮಿಷ. ಪ್ರತಿ ಅಲೆಯೂ ಮೆಲ್ಲಗೆ ಏರಿ, ನಡುವೆ ತುದಿ ಮುಟ್ಟಿ, ಇಳಿಯುತ್ತೆ. ಎರಡು ಅಲೆಗಳ ನಡುವೆ ಬಿಡುವಿರುತ್ತೆ. ಆ ಬಿಡುವಿನಲ್ಲಿ ಕೆಲವರು ನಿದ್ದೆಯನ್ನೇ ಮಾಡಿಬಿಡ್ತಾರೆ!

ಈಗ ಒಂದು ಸಣ್ಣ ಲೆಕ್ಕ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತೇವೆ. ಅದನ್ನ ಅರ್ಧಕ್ಕೆ ಇಳಿಸಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಗೆ, ಆರು ಎಣಿಸುತ್ತಾ ಬಾಯಿಂದ ಹೊರಗೆ. ಒಂದು ಉಸಿರಿಗೆ ಹೆಚ್ಚುಕಡಿಮೆ ಹತ್ತು ಸೆಕೆಂಡ್. ಅಂದ್ರೆ ಒಂದು ನಿಮಿಷದ ಅಲೆ ದಾಟೋಕೆ ಆರು ಉಸಿರು ಸಾಕು. ಮೂರನೆಯದೋ ನಾಲ್ಕನೆಯದೋ ಬಿಡುವ ಹೊತ್ತಿಗೆ ಅಲೆ ತುದಿ ದಾಟಿ ಇಳಿಯೋಕೆ ಶುರು ಮಾಡಿರುತ್ತೆ. ಹನ್ನೆರಡು ಗಂಟೆ ತಡೀಬೇಕು ಅಂದ್ರೆ ಎದೆ ಒಡೆಯುತ್ತೆ. ಆರು ಉಸಿರು ಅಂದ್ರೆ ಮನಸ್ಸು ಒಪ್ಪುತ್ತೆ. ನನಗಂತೂ ಎಲ್ಲಾ ಕ್ಲಾಸುಗಳಿಗಿಂತ ಹೆಚ್ಚು ಕೆಲಸಕ್ಕೆ ಬಂದಿದ್ದು ಈ ಲೆಕ್ಕ.

ಹೆದರಿದಾಗ ದೇಹ ಇದರ ಉಲ್ಟಾ ಮಾಡುತ್ತೆ. ಉಸಿರು ಹಿಡಿಯುತ್ತೆ, ಇಲ್ಲಾ ನಾಯಿ ತೇಕಿದ ಹಾಗೆ ತೇಕುತ್ತೆ. ಭುಜ ಕಿವಿಗೆ ಬರುತ್ತೆ, ಹಲ್ಲು ಕಚ್ಚುತ್ತೆ, ಸೊಂಟದ ಕೆಳಗಿನ ಸ್ನಾಯುಗಳೂ ಬಿಗಿಯುತ್ತವೆ. ಬಿಗಿದಷ್ಟೂ ನೋವು ಹೆಚ್ಚು, ನೋವು ಹೆಚ್ಚಿದಷ್ಟೂ ಹೆದರಿಕೆ. ಈ ಚಕ್ರದ ಬಗ್ಗೆ ಬ್ರಿಟಿಷ್ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಬರೆದಿದ್ದರು. ಹೆದರಿಕೆಯನ್ನ ಬೇಕು ಅಂದಾಗ ನಿಲ್ಲಿಸೋಕಾಗಲ್ಲ. ಎದೆಬಡಿತವನ್ನೂ ನಿಲ್ಲಿಸೋಕಾಗಲ್ಲ. ಆದರೆ ಉಸಿರು ತಾನಾಗಿಯೂ ನಡೆಯುತ್ತೆ, ನಾವು ಹೇಳಿದ ಹಾಗೂ ಕೇಳುತ್ತೆ. ಅದಕ್ಕೇ ಅದನ್ನ ಹಿಡಿದುಕೊಳ್ಳೋದು. ಉಸಿರನ್ನ ಉದ್ದಕ್ಕೆ ಹೊರಗೆ ಬಿಟ್ಟಾಗ ಎದೆಬಡಿತ ತುಸು ಇಳಿಯುತ್ತೆ, ಅದರ ಜೊತೆ ಮೈಯೂ ಸಡಿಲವಾಗುತ್ತೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. "ಜೋರಾಗಿ ಉಸಿರು ತಗೋ, ಮಗುವಿಗೆ ಆಕ್ಸಿಜನ್ ಬೇಕು" ಅಂತ ಪಕ್ಕದವರು ಅವಸರ ಮಾಡ್ತಾರೆ. ವೇಗವಾಗಿ, ಆಳವಾಗಿ ಎಳೆಯುತ್ತಾ ಹೋದರೆ ಆಗೋದು ಬೇರೆ. ರಕ್ತದಲ್ಲಿರಬೇಕಾದ ಕಾರ್ಬನ್ ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋಗುತ್ತೆ. ತುಟಿ, ಬೆರಳ ತುದಿ ಜುಂ ಅನ್ನುತ್ತೆ, ತಲೆ ತಿರುಗುತ್ತೆ, ಕೈಬೆರಳು ಸೆಟೆದುಕೊಳ್ಳುತ್ತೆ. ಅಂಥ ರಕ್ತ ಮಗುವಿನ ಕಡೆಗೆ ಆಕ್ಸಿಜನ್ ಬಿಟ್ಟುಕೊಡೋದೂ ಕಡಿಮೆಯಾಗಬಹುದು. ಹಾಗಾಗಿ ಜುಂ ಅನ್ನೋಕೆ ಶುರುವಾದರೆ ಇನ್ನಷ್ಟು ಎಳೀಬೇಡಿ. ನಿಧಾನ ಮಾಡಿ, ಹೊರಗೆ ಬಿಡೋದರ ಕಡೆ ಗಮನ ಕೊಡಿ.

"ಹೀ ಹೀ ಹೂ" ಎಲ್ಲಿಂದ ಬಂತು?

ಇಂಗ್ಲಿಷ್ ಸಿನಿಮಾಗಳಲ್ಲಿ ನೋಡಿರ್ತೀರಿ, ಹೆರಿಗೆ ಸೀನ್ ಬಂದ ಕೂಡಲೇ "ಹೀ ಹೀ ಹೂ" ಅಂತ ಊದ್ತಾರೆ. (ನಮ್ಮ ಕಾಲೇಜಿನ ಹುಡುಗರಿಗೆ ಹೆರಿಗೆ ಅಂದ್ರೆ 'ತ್ರೀ ಈಡಿಯಟ್ಸ್'ನ ವ್ಯಾಕ್ಯೂಮ್ ಕ್ಲೀನರ್ ಸೀನೇ. ಎಂಜಿನಿಯರುಗಳು ಅದನ್ನೇ ನಂಬಿ ಕೂತರೆ ಕಷ್ಟ.) ಆ ಊದುವಿಕೆಗೆ ಫ್ರೆಂಚ್ ವೈದ್ಯ ಫೆರ್ನಾಂಡ್ ಲಮಾಜ್ ಹೆಸರು ಅಂಟಿಕೊಂಡಿದೆ. ಲಮಾಜ್ 1951ರಲ್ಲಿ ಸೋವಿಯತ್ ದೇಶಕ್ಕೆ ಹೋದಾಗ, ಮೊದಲೇ ತರಬೇತಿ ಪಡೆದ ಹೆಂಗಸರು ಔಷಧಿಯಿಲ್ಲದೆ ಹೆರಿಗೆ ನಿಭಾಯಿಸೋದನ್ನ ಕಂಡರು. ಪ್ಯಾರಿಸ್ಸಿಗೆ ಬಂದು ಅದನ್ನೇ ತಮ್ಮ ಆಸ್ಪತ್ರೆಯಲ್ಲಿ ಶುರು ಮಾಡಿದರು. ಅಲ್ಲಿ ಹೆತ್ತ ಅಮೆರಿಕನ್ ಮಹಿಳೆ ಮಾರ್ಜೊರಿ ಕಾರ್ಮೆಲ್ 1959ರಲ್ಲಿ ಪುಸ್ತಕ ಬರೆದರು, ಮುಂದಿನ ವರ್ಷ ಎಲಿಜಬೆತ್ ಬಿಂಗ್ ಜೊತೆ ಸೇರಿ ಸಂಸ್ಥೆ ಕಟ್ಟಿದರು. ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು.

ಹಬ್ಬಿದ್ದು ಊದುವಿಕೆ ಮಾತ್ರ, ಅದೇ ಬೇಜಾರು. ಲಮಾಜ್ ಪದ್ಧತಿಯಲ್ಲಿ ತರಬೇತಿ ಪಡೆದ ಒಬ್ಬ ಹೆಂಗಸು ಹೆರಿಗೆಯ ಉದ್ದಕ್ಕೂ ತಾಯಿಯ ಪಕ್ಕದಲ್ಲೇ ಇರ್ತಿದ್ದಳು. ಫೋನಿನ ವಿಡಿಯೋಗಳಲ್ಲಿ ಆಕೆ ಮಾಯ. ಈಗ ಲಮಾಜ್ ಹೆಸರಿನ ಸಂಸ್ಥೆಯೇ ಇಂಥದ್ದೇ ತಾಳದಲ್ಲಿ ಉಸಿರಾಡಿ ಅಂತ ಪಟ್ಟು ಹಿಡಿಯಲ್ಲ. ನಿಮಗೆ ಹಿತವಾದ ಲಯದಲ್ಲಿ, ಗಮನವಿಟ್ಟು, ನಿಧಾನವಾಗಿ ಅನ್ನುತ್ತೆ ಅಷ್ಟೇ.

ಯವ್ವಾ ಅನ್ನಬಹುದಾ?

ಧಾರಾಳವಾಗಿ ಅನ್ನಿ. ನಮ್ಮ ಕಡೆ ನೋವು ಬಂದರೆ ಬಾಯಿಂದ ಮೊದಲು ಬರೋದೇ "ಯವ್ವಾ". ಅದನ್ನ ಒಂದ್ಸಲ ನಿಧಾನಕ್ಕೆ ಹೇಳಿ ನೋಡಿ. ಬಾಯಿ ತೆರೆಯುತ್ತೆ, ದವಡೆ ಸಡಿಲವಾಗುತ್ತೆ, ಕೊನೆಯ "ಆ" ಉದ್ದಕ್ಕೆ ಹೊರಗೆ ಹೋಗುತ್ತೆ. ಉದ್ದನೆಯ ನಿಶ್ವಾಸಕ್ಕೆ ಇದಕ್ಕಿಂತ ಒಳ್ಳೆಯ ಪದ ಯಾವ ಕ್ಲಾಸಿನಲ್ಲೂ ಸಿಗಲ್ಲ. ದನಿ ತೆಳ್ಳಗೆ ಮೇಲಕ್ಕೆ ಹೋಗಿ ಕಿರುಚಾಟವಾದರೆ ಮಾತ್ರ ಗಂಟಲು, ಭುಜ ಬಿಗಿಯುತ್ತೆ, ಸುಸ್ತು ಬೇಗ ಬರುತ್ತೆ. ಆಗ ಪಕ್ಕದವರು "ಸುಮ್ನಿರು" ಅನ್ನಬಾರದು. "ದನಿ ಕೆಳಗ ತಾ" ಅಂತ ಹೇಳಿ, ತಾವೇ ಎದೆಯಿಂದ ದಪ್ಪ ದನಿಯಲ್ಲಿ "ಊ" ಅಂತಲೋ "ಮ್" ಅಂತಲೋ ಹಾಡಿ ತೋರಿಸಬೇಕು. ಭ್ರಾಮರಿ ಪ್ರಾಣಾಯಾಮ ಗೊತ್ತಿದ್ದವರಿಗೆ ಇದು ಸಲೀಸು.

ಚಿಕ್ಕಮ್ಮ ನಾಲ್ಕು ಹೆತ್ತವರು, ಎಲ್ಲಾ ಮನೆಯಲ್ಲೇ. ಅವರನ್ನ ಕೇಳಿದೆ, ನಿಮ್ಮ ಕಾಲಕ್ಕೆ ಹೆಂಗ್ರೀ ಅಂತ. "ಪಡಸಾಲ್ಯಾಗ ಗಂಡಸೂರು ಕುಂತಿರ್ತಿದ್ರು. ಸಪ್ಪಳ ಕೇಳಬಾರ್ದಂತ ಸೆರಗ ಬಾಯಾಗ ತುರುಕ್ಕೊಂತಿದ್ವಿ" ಅಂದರು. ಹೇಳುವಾಗ ನಗ್ತಿದ್ದರು. ನನಗೆ ನಗು ಬರಲಿಲ್ಲ. ಸೆರಗು ಕಚ್ಚಿದರೆ ಹಲ್ಲು ಬಿಗಿ, ಉಸಿರು ಬಂದ್. ನೋವು ನಿಭಾಯಿಸೋಕೆ ಬೇಕಾದ ಎರಡನ್ನೂ ಮರ್ಯಾದೆ ಹೆಸರಲ್ಲಿ ಕಿತ್ತುಕೊಂಡ ಹಾಗಾಯ್ತಲ್ಲ.

ಇವತ್ತು ಸೆರಗಿನ ಜಾಗಕ್ಕೆ "ಒದರಬ್ಯಾಡ" ಅನ್ನೋ ಬೈಗುಳ ಬಂದಿದೆ. ಕೆಲವು ಲೇಬರ್ ರೂಮುಗಳಲ್ಲಿ ಇದಕ್ಕಿಂತ ಕೆಟ್ಟ ಮಾತೂ ಕೇಳಿಸುತ್ತೆ, ಹೆತ್ತವರಿಗೆಲ್ಲ ಗೊತ್ತು. ಇದು ಗೌರವದ ಪ್ರಶ್ನೆ ಹೌದು. ಅದರ ಜೊತೆಗೆ, ಬೈಸಿಕೊಂಡವಳು ಉಸಿರು ಹಿಡೀತಾಳೆ ಅನ್ನೋದು ಶುದ್ಧ ದೇಹಶಾಸ್ತ್ರ.

ಹಂತ ಬದಲಾದಂತೆ

ಶುರುವಿನ ಗಂಟೆಗಳಲ್ಲಿ ಉಸಿರಾಟದ ಗೋಜಿಗೇ ಹೋಗಬೇಡಿ. ಮಾತಾಡೋಕೆ ಆಗುವಷ್ಟು ಹೊತ್ತು ಮಾತಾಡಿ, ಓಡಾಡಿ, ಉಣ್ಣಿ, ಮಲಗಿ. ಮೊದಲ ಅಲೆಯಿಂದಲೇ ಆಪ್ ತೆಗೆದು ಟೈಮಿಂಗ್ ನೋಡ್ತಾ ಕೂತರೆ ಮಧ್ಯರಾತ್ರಿಗೇ ದಣಿವು. (ನನ್ನ ಗಂಡ ಅಲೆಗಳಿಗೆ ಎಕ್ಸೆಲ್ ಶೀಟ್ ಮಾಡಿದ್ದ. ಗ್ರಾಫ್ ಸಮೇತ.) ಗರ್ಭಕೋಶದ ಬಾಯಿ ಅಗಲವಾಗೋದು 5 ಸೆಂಟಿಮೀಟರ್ ತಲುಪಿದ ಮೇಲೆಯೇ ನಿಜವಾದ ಚುರುಕಿನ ಹಂತ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಲ್ಲಿಂದ ಮುಂದೆ ಚೊಚ್ಚಲಿನವರಿಗೆ ಸಾಮಾನ್ಯವಾಗಿ 12 ಗಂಟೆ ಮೀರಲ್ಲ. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನೋ ಹಳೇ ಲೆಕ್ಕ ಎಲ್ಲರಿಗೂ ಹೊಂದಲ್ಲ ಅಂತಲೂ ಅದೇ ಮಾರ್ಗಸೂಚಿ ಹೇಳುತ್ತೆ.

ಅಲೆ ಬಂದಾಗ ಮೊದಲು ಒಂದು ನಿಟ್ಟುಸಿರು ಬಿಡಿ, ಭುಜ ಇಳಿಸಿ. ಆಮೇಲೆ ಆ ಆರು ಉಸಿರು. ಅಲೆ ಮುಗಿದ ಮೇಲೆ ಇನ್ನೊಂದು ನಿಟ್ಟುಸಿರು. ಬಿಡುವಿನಲ್ಲಿ ಏನೂ ಮಾಡಬೇಡಿ. ಎಣಿಕೆ ತಪ್ಪಿದರೆ ತಪ್ಪಲಿ, ಮಾರ್ಕ್ಸ್ ಕಟ್ ಆಗಲ್ಲ. ನಾಲ್ಕು-ಆರು ಉದ್ದ ಅನ್ನಿಸಿದರೆ ಮೂರು-ನಾಲ್ಕು ಮಾಡಿ. ಬಿಡೋದು ತಗೊಳ್ಳೋದಕ್ಕಿಂತ ಉದ್ದ ಇದ್ದರೆ ಸಾಕು.

ಬಾಯಿ ಪೂರ್ತಿ ತೆರೆಯುವ ಮೊದಲೇ ಕೆಲವರಿಗೆ ಮುಕ್ಕಬೇಕು ಅನ್ನಿಸುತ್ತೆ. ನರ್ಸ್ "ಇನ್ನೂ ಬೇಡ" ಅಂದರೆ ಬಿಸಿ ಚಾ ಆರಿಸೋ ಹಾಗೆ ತುಟಿ ಮುಂದೆ ಮಾಡಿ ಸಣ್ಣಗೆ ಫೂ ಫೂ ಅಂತ ಊದಿ. ಊದುವಾಗ ಮುಕ್ಕೋಕೆ ಆಗಲ್ಲ, ಅದೇ ಇದರ ಗುಟ್ಟು. ಪೂರ್ತಿ ತೆರೆದ ಮೇಲೆ "ಉಸಿರು ಹಿಡಿ, ಮುಕ್ಕು, ಮುಕ್ಕು" ಅಂತ ಎಲ್ಲರೂ ಸೇರಿ ಕೂಗೋದು ಅನೇಕ ಕಡೆ ರೂಢಿ. ಆದರೆ ತಾಯಿಗೆ ತಾನಾಗಿ ಒತ್ತಡ ಬಂದಾಗ, ಅವಳದೇ ರೀತಿಯಲ್ಲಿ ಮುಕ್ಕಲು ಬೆಂಬಲ ಕೊಡಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗುವಿನ ತಲೆ ಹೊರಬರುವ ಹೊತ್ತಿಗೆ ಮತ್ತೆ "ನಿಲ್ಲಿಸು" ಅಂತಾರೆ. ಆಗ ಸಣ್ಣ ಸಣ್ಣ ಉಸಿರು, ಬಾಯಿ ತೆರೆದು. ತಲೆ ಮೆಲ್ಲಗೆ ಬಂದರೆ ಹರಿಯೋದು ಕಡಿಮೆ.

ಅಭ್ಯಾಸ ಏಳನೇ ತಿಂಗಳಿಂದ ದಿನಾ ಹತ್ತು ನಿಮಿಷ ಆದರೂ ಸಾಕು. ಒಂದು ಐಸ್ ಕ್ಯೂಬ್ ಮುಷ್ಟಿಯಲ್ಲಿ ಹಿಡಿದು ಒಂದು ನಿಮಿಷ ಇರಿ. ಮೊದಲು ಸುಮ್ಮನೆ, ಆಮೇಲೆ ಉಸಿರಿನ ಜೊತೆ. ವ್ಯತ್ಯಾಸ ಅಂಗೈಗೇ ಗೊತ್ತಾಗುತ್ತೆ. ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವ ಕುಂಭಕ ಗರ್ಭಿಣಿಯರಿಗೆ ಬೇಡ. ಬಿಪಿ, ಉಬ್ಬಸ, ಹೃದಯದ ತೊಂದರೆ ಇದ್ದರೆ ಡಾಕ್ಟರ್ ಕೇಳಿಯೇ ಶುರು ಮಾಡಿ.

ಪಕ್ಕದಲ್ಲಿ ಯಾರು?

ತಂಗಿಯ ಹೆರಿಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಅವಳೂ ಕೋಡಿಂಗ್ ಮಾಡೋಳೇ, ವಿಡಿಯೋ ಎಲ್ಲಾ ನೋಡಿ ರೆಡಿಯಾಗಿದ್ದಳು. ಆರು ಸೆಂಟಿಮೀಟರಿನ ತನಕ ಚೆನ್ನಾಗಿ ನಡೀತು. ಆಮೇಲೆ ಒಂದು ಅಲೆ ಎಂಥದ್ದು ಬಂತು ಅಂದ್ರೆ, ಕಲಿತಿದ್ದೆಲ್ಲ ಹಾರಿಹೋಯ್ತು. ಕಣ್ಣು ಅಗಲ, ಉಸಿರು ಮೇಲೆ ಮೇಲೆ, ಬೆರಳು ಸೆಟೆದು "ಅಕ್ಕಾ ಕೈ ಬರವಲ್ದು" ಅಂತ ಅಳೋಕೆ ಶುರು ಮಾಡಿದಳು. ನಾನು "ಒಂದು, ಎರಡು" ಅಂತ ಎಣಿಸಿದೆ. ಅವಳಿಗೆ ಕೇಳಿಸಲೇ ಇಲ್ಲ.

ಆಗ ನೆಲ ಒರೆಸ್ತಿದ್ದ ಆಯಾ ಬಂದು ಅವಳ ಮುಖದ ಹತ್ತಿರ ಬಗ್ಗಿ, "ಹಿಡಿಬ್ಯಾಡವ್ವಾ, ಬಿಡು. ನನ್ನ ಕೂಡ ಬಿಡು" ಅಂದರು. ಅಂದು ತಾವೇ ಸಪ್ಪಳ ಬರೋ ಹಾಗೆ ಹಾ... ಅಂತ ಉಸಿರು ಬಿಟ್ಟರು. ಎರಡನೇ ಸಲಕ್ಕೆ ನಾನೂ ಸೇರಿಕೊಂಡೆ. ಮೂರನೇ ಸಲಕ್ಕೆ ತಂಗಿ. ಅವಳ ಕೈ ನನ್ನ ಹೆಗಲ ಮೇಲೆ ಇಟ್ಟುಕೊಂಡೆ. ಮುಂದಿನ ಮೂರು ಗಂಟೆ ಮಾತಿಲ್ಲ, ಎಣಿಕೆ ಇಲ್ಲ. ಅಲೆ ಬಂದಾಗ ನಾನು ಬಿಡೋದು, ನನ್ನ ನೋಡಿ ಅವಳು ಬಿಡೋದು. ನೋವಿನ ತುದಿಯಲ್ಲಿ ಮಾತು ತಲೆಗೆ ಹೋಗಲ್ಲ, ಆದರೆ ಎದುರಿಗಿರುವವರ ಉಸಿರು ಹೋಗುತ್ತೆ.

ಒಳಗೆ ನನ್ನನ್ನ ಬಿಟ್ಟಿದ್ದು ಯಾರ ಕೃಪೆಯೂ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹೊತ್ತಿಗೆ ಒಬ್ಬ ಜೊತೆಗಾತಿ ಇರಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಹೆಂಗಸಾಗಿರಬೇಕು, ಸಾಧ್ಯವಾದರೆ ಹೆರಿಗೆಯ ಅನುಭವ ಇದ್ದವರು, ಸೋಂಕು ರೋಗ ಇರಬಾರದು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. 2017ರ ಕೊನೆಗೆ ಶುರುವಾದ 'ಲಕ್ಷ್ಯ' ಕಾರ್ಯಕ್ರಮದಲ್ಲೂ ಇದಿದೆ. ಖಾಸಗಿ ಆಸ್ಪತ್ರೆಗಳಲ್ಲಿ ಗಂಡನನ್ನೂ ಬಿಡೋದುಂಟು. ಸಂಶೋಧನೆಯ ಬಲವೂ ಉಸಿರಾಟಕ್ಕಿಂತ ಇದಕ್ಕೇ ಹೆಚ್ಚು. ಉಸಿರಾಟ, ಯೋಗ ನೋವು ತಗ್ಗಿಸಬಹುದು ಅನ್ನೋದಕ್ಕೆ ಕಾಕ್ರೇನ್ ವಿಮರ್ಶೆಯಲ್ಲಿ ಸಿಕ್ಕ ಪುರಾವೆ ಅಷ್ಟು ಗಟ್ಟಿಯಲ್ಲ. ಹೆರಿಗೆಯುದ್ದಕ್ಕೂ ಜೊತೆಗೊಬ್ಬರು ಇದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ ಅಂತ ಅದೇ ಸಂಸ್ಥೆಯ 2017ರ ವಿಮರ್ಶೆ, 15 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ಹಿಡಿದು ಹೇಳುತ್ತೆ.

ಪಾವಗಡದ ಸೂಲಗಿತ್ತಿ ನರಸಮ್ಮ ಅವರ ಹೆಸರು ಕೇಳದವರು ಯಾರು? 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹಿಂದಿನದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ. ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯ್ತಿದ್ದ ರಾಜ್ಯ 2018–20ರ ಹೊತ್ತಿಗೆ 69ಕ್ಕೆ ಇಳಿದಿದೆ. ಆಸ್ಪತ್ರೆಯಲ್ಲೇ ಹೆರಬೇಕು, ಎರಡು ಮಾತಿಲ್ಲ. ಆದರೆ ಸೂಲಗಿತ್ತಿಯ ಕೈಚಳಕದ ಬದಲು ಡಾಕ್ಟರ್ ಬಂದರೂ, ಮೊದಲ ನೋವಿನಿಂದ ಕೊನೆಯವರೆಗೆ ಪಕ್ಕದಲ್ಲಿ ಕೂರುವ ಜಾಗ ಖಾಲಿಯೇ ಉಳೀತು. ಆ ಜಾಗಕ್ಕೆ ಅವ್ವ, ಅಕ್ಕ, ಅತ್ತಿಗೆ ಹೋಗಬಹುದು.

"ಸರಿಯಾಗಿ ಉಸಿರಾಡಿದ್ರೆ ನಾರ್ಮಲ್ ಆಗ್ತಿತ್ತು"

ನನ್ನ ಹೆರಿಗೆ ಸಿಸೇರಿಯನ್. ಹನ್ನೊಂದು ಗಂಟೆ ಆದ ಮೇಲೆ ಮಗುವಿನ ಎದೆಬಡಿತ ಇಳೀತು, ಆಪರೇಷನ್ ಥಿಯೇಟರಿಗೆ ಒಯ್ದರು. ಮಗಳು ಚೆನ್ನಾಗಿದ್ದಾಳೆ. ಒಂದು ವಾರದ ಮೇಲೆ, ನಾನು ದುಡ್ಡು ಕೊಟ್ಟು ಸೇರಿದ್ದ ಉಸಿರಾಟದ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಮೇಲಿನ ಮಾತು ಬಂತು. ಓದಿ ಎರಡು ದಿನ ಅತ್ತೆ.

ಆ ಮಾತು ಸುಳ್ಳು. ಮಗು ಅಡ್ಡ ಇರೋದು, ಎದೆಬಡಿತ ಇಳಿಯೋದು, ಮಾಸು ಕೆಳಗಿರೋದು, ಇವು ಉಸಿರಿನಿಂದ ಸರಿಯಾಗಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆ ಸಿಸೇರಿಯನ್. ಅದರಲ್ಲಿ ಬೇಡದವೂ ಇರಬಹುದು, ಆ ಚರ್ಚೆ ಆಸ್ಪತ್ರೆಗಳ ಜೊತೆ ಮಾಡೋಣ. ಹೊಲಿಗೆ ಹಾಕಿಸಿಕೊಂಡು ಮಲಗಿದ ಹುಡುಗಿಯ ಹತ್ತಿರ ಅಲ್ಲ. ಎಪಿಡ್ಯೂರಲ್ ತಗೊಂಡವಳೂ ಸೋತವಳಲ್ಲ. ಬೆನ್ನಿಗೆ ಸೂಜಿ ಚುಚ್ಚುವಾಗ ಅಲುಗಾಡದೆ ಕೂರಬೇಕು, ಅದೂ ನೋವಿನ ನಡುವೆ. ಆ ಎರಡು ನಿಮಿಷ ನನ್ನನ್ನ ಹಿಡಿದು ಕೂರಿಸಿದ್ದು ಅದೇ ನಾಲ್ಕು-ಆರು ಉಸಿರು. ಕಲಿತಿದ್ದು ದಂಡ ಆಗಲಿಲ್ಲ.

ಇನ್ನೊಂದು ಮಾತು. ರಕ್ತ ಹೋಗೋದು, ನೀರು ಹಸಿರಾಗಿ ಒಡೆಯೋದು, ಮಗುವಿನ ಅಲುಗಾಟ ಕಡಿಮೆಯಾಗೋದು, ತಡೆಯಲಾರದ ತಲೆನೋವು, ಕಣ್ಣು ಮಂಜಾಗೋದು, ಜ್ವರ, ಫಿಟ್ಸ್: ಇಂಥದ್ದು ಏನೇ ಕಂಡರೂ ಉಸಿರಾಟ ಅಂತ ಕೂರಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ. ದೇವಿಕೊಪ್ಪದಂಥ ಊರಿಂದ ಮೊದಲು ಕಲಘಟಗಿ, ತೊಡಕಾದರೆ ಅಲ್ಲಿಂದ ಹುಬ್ಬಳ್ಳಿ ಇನ್ನೂ ಸುಮಾರು 30 ಕಿಲೋಮೀಟರ್. ಮಳೆಗಾಲದಲ್ಲಿ ಇನ್ನೂ ಬೇಗ ಹೊರಡಬೇಕು. ದಾರಿಯಲ್ಲಿ ಎಡಮಗ್ಗುಲಾಗಿ ಮಲಗಿ. ಆರು ಉಸಿರಿನ ಲೆಕ್ಕ ಅಂಬುಲೆನ್ಸಿನಲ್ಲೂ ನಡೆಯುತ್ತೆ.

ಕುಬಸ ಮುಗಿದ ವಾರ ಆಸ್ಪತ್ರೆಗೆ ಹೋಗಿ ಕೇಳಿಬನ್ನಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತೆ, ಅವತ್ತೇ ಕೇಳಬಹುದು. ಜೊತೆಗೆ ಯಾರನ್ನ ಬಿಡ್ತೀರಿ, ಎಷ್ಟು ಹೊತ್ತು, ಓಡಾಡೋಕೆ, ಕೂರೋಕೆ ಬಿಡ್ತೀರಾ, ನೋವಿಗೆ ಬೇರೆ ಏನಿದೆ ಅಂತ. ನಾವು ಕೇಳಿದಾಗ ಸಿಸ್ಟರ್ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ತಾಯಿ ಕಾರ್ಡಿನ ಹಿಂದೆ ನನ್ನ ಹೆಸರು ಬರೆದುಕೊಂಡರು. "ಒಬ್ಬರೇ ಬರ್ಬೇಕ್ರಿ, ಚಪ್ಪಲಿ ಹೊರಗ, ಫೋನೂ ಹೊರಗ" ಅಂದರು. ವಿಡಿಯೋ ನೋಡಿಕೊಂಡು ಮಾಡಿಸ್ತೀನಿ ಅಂತ ಅಂದುಕೊಂಡಿದ್ದ ನಾವಿಬ್ಬರೂ ಅವತ್ತು ಸಂಜೆಯಿಂದಲೇ ಐಸ್ ಕ್ಯೂಬ್ ಹಿಡಿದು ಅಟ್ಟದ ಮೇಲೆ ಕೂತೆವು. ಮೂರನೇ ದಿನ ಚಿಕ್ಕಮ್ಮನೂ ಬಂದು ಮುಷ್ಟಿ ಚಾಚಿದರು.